ಊರಲ್ಲಿರುವ ಅಮ್ಮನಿಗೆ ಫೋನಿನಲ್ಲೇ ವ್ಯಾಯಾಮ ಮಾಡಿಸಿದರೆ ಬೀಳುವುದು ಕಡಿಮೆ ಆಗುತ್ತಾ?

ನೀವು ಕೇಳಿದ್ದು ಇಷ್ಟು. ಅಮ್ಮನಿಗೆ 74 ವರ್ಷ, ಧಾರವಾಡದಲ್ಲಿ ಒಬ್ಬರೇ ಇದ್ದಾರೆ, ಒಂದು ವರ್ಷದಲ್ಲಿ ಎರಡು ಸಲ ಬಿದ್ದಿದ್ದಾರೆ. ನೀವು ಮಸ್ಕತ್‌ನಲ್ಲಿ. ಯಾರೋ ಫಿಸಿಯೋಥೆರಪಿಸ್ಟ್ ವಿಡಿಯೋ ಕಾಲ್‌ನಲ್ಲಿ ವ್ಯಾಯಾಮ ಮಾಡಿಸುತ್ತೇನೆ ಅಂದಿದ್ದಾರೆ. ಉಪಯೋಗ ಇದೆಯಾ, ಇಲ್ಲ ದುಡ್ಡು ದಂಡವಾ? ಅದರ ಬದಲು ಒಂದು ಆ್ಯಪ್ ಸಾಕಾ?

ಉಪಯೋಗ ಇದೆ. ನಾನು ಡಾಕ್ಟರ್ ಅಲ್ಲ. ಪುಣೆಯಲ್ಲಿ ಕೂತುಕೊಂಡು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಅಮ್ಮನಿಗೆ ಎರಡು ವರ್ಷ ಇದನ್ನೇ ಮಾಡಿಸಿದವನು, ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ನಮ್ಮಮ್ಮ ಬಿದ್ದಿದ್ದು ಮಳೆಗಾಲದಲ್ಲಿ. ಹಿತ್ತಿಲಲ್ಲಿ ಪಾಚಿ ಕಟ್ಟಿತ್ತು, ಜಾರಿ ಕೈ ಊರಿದರು, ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಆರು ವಾರ ಬಿಟ್ಟು ಬಿಚ್ಚಿದರು, "ಇನ್ನು ಹುಷಾರಾಗಿ ಓಡಾಡಿ ಅಜ್ಜಿ" ಅಂದರು, ಮುಗಿಯಿತು. ಯಾಕೆ ಬಿದ್ದರು, ಮುಂದೆ ಬೀಳದ ಹಾಗೆ ಏನು ಮಾಡಬೇಕು ಅಂತ ಒಬ್ಬರೂ ಮಾತಾಡಲಿಲ್ಲ. ಅಮ್ಮ ಆ ಹುಷಾರು ಅನ್ನೋ ಮಾತನ್ನು ಎಷ್ಟು ಗಟ್ಟಿ ಹಿಡಿದರು ಅಂದರೆ ತೋಟಕ್ಕೆ ಹೋಗುವುದು ಬಿಟ್ಟರು, ಆಮೇಲೆ ಹಿತ್ತಿಲಿಗೂ ಹೋಗುವುದು ಬಿಟ್ಟರು, ಕೊನೆಗೆ ಜಗಲಿಯಲ್ಲಿ ಕೂತು ಎದ್ದೇಳುವಾಗ ಕಂಬ ಹಿಡಿಯೋಕೆ ಶುರು ಮಾಡಿದರು. ಆರು ತಿಂಗಳಿಗೆ ಎರಡನೇ ಸಲ ಬಿದ್ದರು, ಈ ಸಲ ಒಣ ನೆಲದ ಮೇಲೆ. ಹೆದರಿ ಕೂತಷ್ಟೂ ಕಾಲಿನ ಶಕ್ತಿ ಇಳಿಯುತ್ತದೆ, ಶಕ್ತಿ ಇಳಿದಷ್ಟೂ ಬೀಳುವುದು ಜಾಸ್ತಿ. ಇದು ನನಗೆ ಅರ್ಥವಾಗಿದ್ದು ಆಮೇಲೆ.

ಪರಿಚಯದವರ ಮೂಲಕ ಮಂಗಳೂರಿನ ಒಬ್ಬ ಫಿಸಿಯೋ ಸಿಕ್ಕರು. ಚಿಕ್ಕ ವಯಸ್ಸಿನ ಹುಡುಗಿ. ಒಂದು ಸಲಕ್ಕೆ 400 ರೂಪಾಯಿ. ಶುರುವಿಗೇ ಅವರು ನನಗೆ ಹೇಳಿದ್ದು, ಮೊದಲ ವಾರ ನೀವು ರಜೆ ಹಾಕಿ ಅಮ್ಮನ ಜೊತೆ ಇರಬೇಕು, ಇಲ್ಲದಿದ್ದರೆ ನಾನು ಶುರು ಮಾಡುವುದಿಲ್ಲ ಅಂತ. ಆಗ ಕಿರಿಕಿರಿ ಆಯಿತು, ರಜೆ ಇದ್ದಿದ್ದರೆ ಈ ಆನ್‌ಲೈನ್ ಯಾಕೆ ಅಂತ. ಈಗ ಅನಿಸುತ್ತದೆ, ಹಾಗೆ ಕೇಳದ ಫಿಸಿಯೋ ಇದ್ದರೆ ಅವರನ್ನು ಬಿಟ್ಟುಬಿಡಿ. ನಿಲ್ಲುವುದು ಕಷ್ಟವಾದವರಿಗೆ ನಿಲ್ಲುವ ವ್ಯಾಯಾಮವನ್ನೇ ಮಾಡಿಸಬೇಕು ತಾನೇ, ಫೋನಿನ ಒಳಗಿಂದ ಕೈ ಚಾಚಿ ಹಿಡಿದುಕೊಳ್ಳೋಕೆ ಆಗಲ್ಲ. ನಾನು ಹೊರಟ ಮೇಲೆ ಪಕ್ಕದ ಮನೆಯ ಅಕ್ಕ ಬಂದು ನಿಂತುಕೊಳ್ಳುತ್ತಿದ್ದರು. ಎರಡು ತಿಂಗಳು ಹಾಗೇ ನಡೆಯಿತು.

ನೆಟ್‌ವರ್ಕ್ ಕತೆ ಕೇಳಬೇಡಿ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ, ವ್ಯಾಯಾಮ ಮಾಡಬೇಕಾದ್ದು ಅಡುಗೆಮನೆ ಕಟ್ಟೆ ಹಿಡಿದು. ಮಳೆ ಬಂದರೆ ಅದೂ ಇಲ್ಲ. ಅರ್ಧ ದಿನ ವಿಡಿಯೋ ನಿಂತೇ ಹೋಗುತ್ತಿತ್ತು. ನಾನು ಕೈಚೆಲ್ಲಿದ್ದೆ. ಫಿಸಿಯೋ ಹೇಳಿದರು, ಬರೀ ಫೋನ್ ಮಾಡಿದರೂ ಸಾಕು, ಈ ಪದ್ಧತಿ ಶುರುವಾಗಿದ್ದೇ ವಿಡಿಯೋ ಕಾಲ್ ಇಲ್ಲದ ಕಾಲದಲ್ಲಿ ಅಂತ.

ಹುಡುಕಿ ಓದಿದೆ, ನಿಜ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಒಂದು ವ್ಯಾಯಾಮ ಕ್ರಮ ತಯಾರು ಮಾಡಿದರು, ಈಗಲೂ ಅದಕ್ಕೆ ಒಟಾಗೋ ಅಂತಲೇ ಹೆಸರು. ಫಿಸಿಯೋ ಶುರುವಿನಲ್ಲಿ ಕೆಲವು ಸಲ ಮನೆಗೆ ಬಂದು ಹೇಳಿಕೊಡುತ್ತಾರೆ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಾರೆ, ಅಷ್ಟೇ. 80 ವರ್ಷ ತುಂಬಿದ 233 ಹೆಂಗಸರನ್ನು ಎರಡು ಗುಂಪು ಮಾಡಿ ಒಂದು ವರ್ಷ ಲೆಕ್ಕ ಇಟ್ಟರು. ವ್ಯಾಯಾಮ ಮಾಡದ ಗುಂಪಿನವರು ಒಟ್ಟು 152 ಸಲ ಬಿದ್ದಿದ್ದರು, ಮಾಡಿದವರು 88 ಸಲ. ಇದು 1997ರಲ್ಲೇ ಪ್ರಕಟವಾಗಿದೆ. ಅಂದರೆ ನಮ್ಮೂರಲ್ಲಿ ಫೋನ್ ಬೇಕು ಅಂದರೆ ಅರ್ಜಿ ಹಾಕಿ ಕಾಯುತ್ತಿದ್ದ ಕಾಲ!

ಆಮೇಲೆ ನಾವು ವಿಡಿಯೋ ವಾರಕ್ಕೆ ಒಂದು, ಉಳಿದ ಎರಡು ದಿನ ಬರೀ ಫೋನ್ ಅಂತ ಮಾಡಿಕೊಂಡೆವು. "ಅಮ್ಮಾ, ಇವತ್ತು ಆಯ್ತಾ?" ಅಂತ ಆ ಹುಡುಗಿ ಕೇಳುತ್ತಾರೆ ಅನ್ನೋ ಒಂದೇ ಕಾರಣಕ್ಕೆ ನಮ್ಮಮ್ಮ ಮಾಡುತ್ತಿದ್ದರು. ನಾನು ಕೇಳಿದರೆ "ಹ್ಞೂಂ ಮಾಡಿದೆ ಮಾರಾಯ" ಅಂತ ಸುಳ್ಳು ಹೇಳುತ್ತಿದ್ದರು, ಆ ಹುಡುಗಿಗೆ ಸುಳ್ಳು ಹೇಳೋಕೆ ಮಾತ್ರ ಸಂಕೋಚ. ಮಕ್ಕಳು ಕೋಚ್ ಆಗೋಕೆ ಹೋಗಬೇಡಿ, ಜಗಳ ಆಗುತ್ತದೆ.

ಏನು ಮಾಡಿಸುತ್ತಾರೆ ಅನ್ನುವುದು ಮುಖ್ಯ, ಇಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಕುರ್ಚಿಯಲ್ಲಿ ಕೂರಿಸಿ ಕೈ ಮೇಲೆ ಕೆಳಗೆ ಮಾಡಿಸಿ, ಉಸಿರು ಎಳೆದುಕೊಳ್ಳಿ ಬಿಡಿ ಅಂತ ಅರ್ಧ ಗಂಟೆ ಕಳೆದರೆ ಅದರಿಂದ ಬೀಳುವುದು ತಪ್ಪಲ್ಲ. ಎದ್ದು ನಿಂತು ಮಾಡಬೇಕು, ಸ್ವಲ್ಪ ತೂರಾಡುವ ಹಾಗೆ ಇರಬೇಕು. ನಮ್ಮಮ್ಮನಿಗೆ ಕೊಟ್ಟಿದ್ದು ಇವು: ಕೈ ಊರದೆ ಕುರ್ಚಿಯಿಂದ ಏಳುವುದು ಕೂರುವುದು. ಕಟ್ಟೆ ಹಿಡಿದು ತುದಿಗಾಲಿನಲ್ಲಿ ನಿಲ್ಲುವುದು, ಆಮೇಲೆ ಹಿಮ್ಮಡಿಯ ಮೇಲೆ. ಸ್ವಲ್ಪ ಮಂಡಿ ಬಗ್ಗಿಸಿ ಏಳುವುದು. ಕಟ್ಟೆಯ ಉದ್ದಕ್ಕೂ ಅಡ್ಡಡ್ಡ ನಡೆಯುವುದು, ಹಿಂದಕ್ಕೆ ನಡೆಯುವುದು. ಒಂದು ಪಾದದ ಮುಂದೆ ಇನ್ನೊಂದು ಪಾದ ಅಂಟಿಸಿ ನಿಲ್ಲುವುದು, ಹತ್ತು ಸೆಕೆಂಡ್. ಇದು ಶುರುವಿನಲ್ಲಿ ಮೂರು ಸೆಕೆಂಡೂ ಆಗುತ್ತಿರಲಿಲ್ಲ. ಸುಲಭ ಆದ ಕೂಡಲೇ ಎರಡು ಕೈ ಬದಲು ಒಂದು ಕೈ, ಆಮೇಲೆ ಒಂದು ಬೆರಳು, ಆಮೇಲೆ ಹಿಡಿಯದೇ. ವಾರಕ್ಕೆ ಮೂರು ದಿನ, ಅರ್ಧ ಗಂಟೆ.

ಒಟಾಗೋದಲ್ಲಿ ಕಾಲಿಗೆ ತೂಕ ಕಟ್ಟಿಕೊಂಡು ಕಾಲು ಎತ್ತುವುದೂ ಇದೆ. ಅಂಗಡಿಯದ್ದು ತರಿಸುವ ಬದಲು ಬಟ್ಟೆ ಚೀಲದಲ್ಲಿ ಅರ್ಧ ಕೇಜಿ ಅಕ್ಕಿ ತುಂಬಿ ಹೊಲಿದುಕೋ ಅಂದೆ. "ಅನ್ನವನ್ನ ಕಾಲಿಗೆ ಕಟ್ತಾರೇನೋ, ಬುದ್ಧಿ ಇದ್ಯಾ ನಿಂಗೆ?" ಅಂತ ಬೈಸಿಕೊಂಡೆ. ಕೊನೆಗೆ ಮರಳು ತುಂಬಿಸಿದ್ದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದರು, ಊರಿಗೆಲ್ಲ ಸುದ್ದಿ.

"ದಿನಾ ವಾಕಿಂಗ್ ಹೋಗ್ತಾರೆ, ಸಾಲದಾ?" ಅಂತ ನೀವೂ ಕೇಳಬಹುದು. ಸಾಲದು. ಹಾರ್ಟಿಗೆ, ಸಕ್ಕರೆ ಕಾಯಿಲೆಗೆ ವಾಕಿಂಗ್ ಒಳ್ಳೆಯದೇ. ಆದರೆ 2019ರಲ್ಲಿ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆ 108 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವ್ಯಾಯಾಮದಿಂದ ಬೀಳುವುದು 23 ಶೇಕಡದಷ್ಟು ಕಡಿಮೆ ಅಂತ ಬಂತು, ಅದರಲ್ಲಿ ಗಟ್ಟಿ ಪುರಾವೆ ಇದ್ದಿದ್ದು ಬ್ಯಾಲೆನ್ಸ್ ವ್ಯಾಯಾಮಗಳಿಗೆ. ಬರೀ ನಡಿಗೆಗೆ ಅಂಥ ಪುರಾವೆ ಸಿಗಲಿಲ್ಲ. ಕೈ ಮುರಿದುಕೊಂಡಿದ್ದ ಹೆಂಗಸರಿಗೆ ಬಿರುಸಾಗಿ ನಡೆಯಲು ಹೇಳಿದ ಬ್ರಿಟನ್ನಿನ ಒಂದು ಹಳೆಯ ಅಧ್ಯಯನದಲ್ಲಂತೂ ಅವರು ಬೀಳುವುದು ಹೆಚ್ಚೇ ಆಯಿತು. ಕಾಲು ಗಟ್ಟಿಯಾಗುವ ಮೊದಲೇ ರಸ್ತೆಗೆ ಇಳಿಸಿದರೆ ಇನ್ನೇನಾಗುತ್ತದೆ?

ಇನ್ನು ಆ್ಯಪ್ ಸಾಕಾ ಅಂತ ಕೇಳಿದ್ದೀರಿ. ಆಸ್ಟ್ರೇಲಿಯಾದಲ್ಲಿ ಸ್ಟ್ಯಾಂಡಿಂಗ್‌ಟಾಲ್ ಅನ್ನೋ ಪ್ರೋಗ್ರಾಂ ಅನ್ನು ಟ್ಯಾಬ್ಲೆಟ್‌ನಲ್ಲಿ ಹಾಕಿಕೊಟ್ಟು, 70 ದಾಟಿದ 503 ಜನರ ಮೇಲೆ ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಮೊದಲ ವರ್ಷ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷದ ಲೆಕ್ಕ ಹಾಕಿದಾಗ ಬೀಳುವುದು 16 ಶೇಕಡ ಕಡಿಮೆ. ಹಾಗಾಗಿ ಮೂರು ತಿಂಗಳ ಪ್ಯಾಕೇಜ್ ತಗೊಂಡು ಮುಗಿಸೋಣ ಅಂತ ಇದ್ದರೆ ಆ ದುಡ್ಡು ನಿಜವಾಗಲೂ ದಂಡ. ನಮ್ಮಮ್ಮ ಅಡಿಕೆ ಕೊಯ್ಲಿನ ಹೊತ್ತಿಗೆ ಒಂದು ತಿಂಗಳು ಪೂರ್ತಿ ಬಿಟ್ಟಿದ್ದರು. ಮತ್ತೆ ಶುರು ಮಾಡಿದಾಗ ಎರಡು ತಿಂಗಳು ಹಿಂದಕ್ಕೆ ಹೋದ ಹಾಗಿತ್ತು.

ಮೂಳೆ ಮುರಿಯುವ ವಿಷಯ ಬೇರೆ, ಇದನ್ನು ಬಿಡಿಸಿ ಹೇಳಲೇಬೇಕು. ಬೀಳುವುದು ಕಡಿಮೆ ಆದರೆ ಮೂಳೆ ಮುರಿಯುವುದೂ ಅಷ್ಟೇ ಕಡಿಮೆ ಆಗುತ್ತದೆ ಅಂತ ಅಂದುಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ 9803 ಜನರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ (2020) ಅಪಾಯ ಇರುವವರನ್ನು ಹುಡುಕಿ ವ್ಯಾಯಾಮ ಹೇಳಿಕೊಟ್ಟರೂ ಫ್ರ್ಯಾಕ್ಚರ್ ಕಡಿಮೆ ಆಗಲಿಲ್ಲ. ಆದ್ದರಿಂದ ಮೂಳೆಯನ್ನೂ ನೋಡಿಸಬೇಕು. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದರೆ ಮೂಳೆ ಸವೆದಿದೆಯಾ ಅಂತ ಡೆಕ್ಸಾ ಸ್ಕ್ಯಾನ್ ಮಾಡಿಸಿ ಅಂತ ಕೇಳಿ, ಅವರಾಗೇ ಹೇಳಲಿ ಅಂತ ಕಾಯಬೇಡಿ. ನಮ್ಮಮ್ಮನಿಗೆ ಸವೆದಿತ್ತು, ಈಗ ವರ್ಷಕ್ಕೊಂದು ಸಲ ಡ್ರಿಪ್‌ನಲ್ಲಿ ಔಷಧ ಕೊಡುತ್ತಾರೆ. ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದೇನಲ್ಲ ಅಂತ ಅವರು ಅದುವರೆಗೆ ನೆಮ್ಮದಿಯಾಗಿದ್ದರು.

ಮಾತ್ರೆಗಳ ಚೀಟಿಯನ್ನೂ ತೆಗೆಸಿ ನೋಡಿ. ಬೀಳುವುದಕ್ಕೆ ನಿದ್ದೆ ಮಾತ್ರೆಯೂ ಕಾರಣ ಆಗಬಹುದು, ನಮ್ಮಮ್ಮ ಅದನ್ನು ನಾಲ್ಕು ವರ್ಷದಿಂದ ತೆಗೆದುಕೊಳ್ಳುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಡಾಕ್ಟರ್ ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ನೀವೇ ಒಂದೇ ಸಲಕ್ಕೆ ನಿಲ್ಲಿಸಬೇಡಿ, ಅದು ಅಪಾಯ. ಬಿಪಿಯನ್ನು ಐದು ನಿಮಿಷ ಮಲಗಿಸಿ ಒಂದು ಸಲ, ಎದ್ದು ನಿಂತ ಮೇಲೆ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿಸಿ. ಮೇಲಿನ ನಂಬರ್ 20 ಇಳಿದರೆ ಡಾಕ್ಟರಿಗೆ ಹೇಳಿ. ಕಣ್ಣಿಗೆ ಪೊರೆ ಬಂದಿದ್ದರೆ ವ್ಯಾಯಾಮದ ಜೊತೆ ಅದರ ಚಿಕಿತ್ಸೆಯೂ ಆಗಲಿ. ಬಿದ್ದಾಗ ಪ್ರಜ್ಞೆ ತಪ್ಪಿತ್ತು, ತಲೆ ಗಿರ್ರ್ ಅಂದಿತ್ತು, ಒಂದು ಕಡೆ ಕಾಲು ಸೋತಿತ್ತು ಅಂದರೆ ಆನ್‌ಲೈನ್ ಕ್ಲಾಸ್ ಯೋಚನೆ ಪಕ್ಕಕ್ಕಿಡಿ, ಮೊದಲು ಆಸ್ಪತ್ರೆಗೆ.

ಫಲ ಹೇಗೆ ಗೊತ್ತಾಗುತ್ತದೆ ಅಂದರೆ, ಎದೆಯ ಮೇಲೆ ಕೈ ಕಟ್ಟಿ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದರು ಅಂತ ಎಣಿಸಿ. ನಿಮ್ಮಮ್ಮನ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಕೈ ಊರಿ ಎದ್ದರೆ ಸೊನ್ನೆ. ನಮ್ಮಮ್ಮ ಶುರುವಿನಲ್ಲಿ 6, ಈಗ 11. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಮರದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಫೋನನ್ನು ಡಬ್ಬಿಗೆ ಒರಗಿಸುವಾಗ ಪಾದ ಕಾಣಬೇಕು. ಎಲ್ಲರೂ ಮುಖ ತೋರಿಸುತ್ತಾರೆ.

ಈ ಎರಡು ವರ್ಷದಲ್ಲಿ ಅಮ್ಮ ಬಿದ್ದೇ ಇಲ್ಲವಾ ಅಂದರೆ, ಒಂದು ಸಲ ಬಿದ್ದರು. ಬಚ್ಚಲ ಹೊಸ್ತಿಲು ಎಡವಿ. ಬಿದ್ದ ಮೇಲೆ ಏಳುವುದನ್ನೂ ಫಿಸಿಯೋ ಕಲಿಸಿದ್ದರು: ಗಾಬರಿಯಿಂದ ಎದ್ದೇಳಬಾರದು, ಪೆಟ್ಟಾಗಿದೆಯಾ ನೋಡಿಕೊಳ್ಳಬೇಕು, ಪಕ್ಕಕ್ಕೆ ಹೊರಳಿ, ಮಂಡಿ ಕೈ ಊರಿ, ಕುರ್ಚಿಯ ತನಕ ಅಂಬೆಗಾಲಿಟ್ಟು ಹೋಗಿ, ಅದನ್ನು ಹಿಡಿದು ಏಳಬೇಕು. ಹಾಗೇ ಎದ್ದರು, ಮೂಳೆಗೆ ಏನೂ ಆಗಲಿಲ್ಲ. ನನಗೆ ಗೊತ್ತಾಗಿದ್ದು ಮೂರು ದಿನ ಬಿಟ್ಟು, ಅದೂ ಫಿಸಿಯೋ ಹೇಳಿದ ಮೇಲೆ. ಈಗ ಮೊಬೈಲನ್ನು ಎಲೆ ಅಡಿಕೆ ಸಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ, ಸಂಚಿ ಇಲ್ಲದೆ ಅವರು ಎಲ್ಲಿಗೂ ಹೋಗುವುದಿಲ್ಲವಲ್ಲ. ಹೊಸ್ತಿಲಿಗೆ ಹಳದಿ ಬಣ್ಣ ಬಳಿಸಿದ್ದೇನೆ.

ವ್ಯಾಯಾಮಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ ಹಾಳೆ ಇದೆ. ಬೇಕಿದ್ದರೆ ಹೇಳಿ, ಫೋಟೊ ತರಿಸಿ ಹಾಕುತ್ತೇನೆ. ನಿಮ್ಮ ಫಿಸಿಯೋಗೆ ತೋರಿಸಿ, ಅವರು ನೋಡಿ ಬದಲಾಯಿಸಲಿ. ಮೂಲೆಯಲ್ಲಿ ಹಾಲಿನ ಲೆಕ್ಕ ಬರೆದಿದ್ದಾರೆ, ಅದನ್ನು ಬಿಟ್ಟು ಓದಿಕೊಳ್ಳಿ.