ವಯಸ್ಸಾದವರ ಆರೋಗ್ಯದ ಸಂಶೋಧನೆಗೆ ಸರ್ಕಾರದ ದುಡ್ಡು ಯಾಕೆ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸಾದ ಮೇಲೂ ಆರೋಗ್ಯವಾಗಿ ಇರುವುದು ಹೇಗೆ ಎಂಬ ಸಂಶೋಧನೆಗೆ ಸರ್ಕಾರ ಹಾಕುವ ದುಡ್ಡನ್ನು ಪಿಂಚಣಿಗೇ ಸೇರಿಸಿ ಕೊಡಬಾರದಾ, ಸಂಶೋಧನೆಯನ್ನು ಹೇಗೂ ಕಂಪನಿಗಳು ಮಾಡುತ್ತವಲ್ವಾ ಅಂತ. ನಾನು ಕೊಡಗಿನ ಸೋಮವಾರಪೇಟೆ ಕಡೆ ಫಿಸಿಯೋಥೆರಪಿಸ್ಟ್. ನಾನು ಮನೆಗೆ ಹೋಗಿ ನೋಡುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹಾಗಾಗಿ ಈ ಪ್ರಶ್ನೆಗೆ ಸುಮ್ನೆ ಇರಲು ಆಗಲಿಲ್ಲ.

ಪಿಂಚಣಿ ಜಾಸ್ತಿ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ ಬರುವ 1,200 ರೂಪಾಯಿ, ಒಂದು ಸಲ ಜೀಪು ಮಾಡಿಕೊಂಡು ಮೈಸೂರಿಗೆ ಹೋಗಿ ಬರುವುದಕ್ಕೂ ಸಾಲದು. ಆದರೆ ಪಿಂಚಣಿ ಜಾಸ್ತಿ ಮಾಡಲು ಸಂಶೋಧನೆ ನಿಲ್ಲಿಸಬೇಕಾಗಿಲ್ಲ. ಕಂಪನಿಗಳು ಮಾಡುತ್ತವೆ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ.

ಯಾಕೆ ಅಂತ ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ನಮ್ಮಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಅಂಗಳ, ಕಲ್ಲಿನ ಮೆಟ್ಟಿಲು, ಮನೆಯಿಂದ ಹೊರಗಿರುವ ಬಚ್ಚಲಿನ ದಾರಿ ಎಲ್ಲ ಕಡೆ ಪಾಚಿ. ಕರೆಂಟ್ ಇರುವುದಿಲ್ಲ. ವಯಸ್ಸಾದವರು ಒಳಗೇ ಕೂತು ಕಾಲಿನ ಶಕ್ತಿ ಕಳೆದುಕೊಳ್ಳುತ್ತಾರೆ, ಆಮೇಲೆ ರಾತ್ರಿ ಬಚ್ಚಲಿಗೆ ಹೊರಟವರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಅಲ್ಲಿಂದ ಆಪರೇಷನ್, ಸಾಲ, ಹಾಸಿಗೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದರೆ ನೋಡಿಕೊಳ್ಳುವವರೂ ಇಲ್ಲ. ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಅಜ್ಜಿಗಾದರೆ ಆಪರೇಷನ್ನೇ ಆಗದೆ ಹಾಗೇ ಉಳಿಯುವುದನ್ನೂ ನೋಡಿದ್ದೇನೆ, ನೋಡಿ ಹೊಟ್ಟೆ ಉರಿದಿದೆ.

ಹೀಗೆ ಬೀಳುವುದನ್ನು ಕಡಿಮೆ ಮಾಡಬಹುದು ಎಂದು ಗೊತ್ತಾಗಿದ್ದು ಸಂಶೋಧನೆಯಿಂದಲೇ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಕೆಲವು ವ್ಯಾಯಾಮಗಳನ್ನು ಪರೀಕ್ಷೆ ಮಾಡಿ ನೋಡಿದರು. ಕಾಲಿಗೆ ಸಣ್ಣ ತೂಕ ಕಟ್ಟಿಕೊಂಡು ಮಂಡಿ ನೀಡುವುದು, ತುದಿಗಾಲಲ್ಲಿ ನಿಲ್ಲುವುದು, ಹಿಂದಕ್ಕೆ ನಡೆಯುವುದು, ಇಂಥವು. ಮೊದಲ ಪರೀಕ್ಷೆಯಲ್ಲಿ ಇದ್ದವರು 80 ದಾಟಿದ 233 ಹೆಂಗಸರು. ಆಮೇಲಿನ ಪರೀಕ್ಷೆಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಬೀಳುವುದು ಶೇ. 35ರಷ್ಟು ಕಡಿಮೆಯಾಗಿತ್ತು. ಇದಕ್ಕೆ ದುಡ್ಡು ಹಾಕಿದವರಲ್ಲಿ ಅಲ್ಲಿ ಅಪಘಾತಕ್ಕೆ ಪರಿಹಾರ ಕೊಡುವ ಸರ್ಕಾರಿ ಸಂಸ್ಥೆಯೂ ಇತ್ತು. ಮೂಳೆ ಮುರಿದರೆ ಖರ್ಚು ಕೊಡಬೇಕಾದವರು ಅವರೇ, ಹಾಗಾಗಿ ಮುರಿಯದಂತೆ ನೋಡಿಕೊಳ್ಳುವುದರಲ್ಲಿ ಅವರಿಗೆ ಲಾಭ ಇತ್ತು. ತುದಿಗಾಲಲ್ಲಿ ನಿಲ್ಲುವುದಕ್ಕೆ ಪೇಟೆಂಟ್ ಸಿಗುವುದಿಲ್ಲ, ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಲೂ ಆಗುವುದಿಲ್ಲ. ಯಾವ ಕಂಪನಿ ಇದನ್ನು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತದೆ ಹೇಳಿ?

ನಮ್ಮ ದೇಶದಲ್ಲಿ ಏನೂ ಇಲ್ಲ ಅಂತಲ್ಲ. ವಯಸ್ಸಾಗುವವರ ಬದುಕು, ಆರೋಗ್ಯದ ಬಗ್ಗೆ ಲಾಸಿ (LASI) ಎಂಬ ದೊಡ್ಡ ಅಧ್ಯಯನ ಇದೆ. 2017-18ರಲ್ಲಿ 45 ದಾಟಿದವರು ಮತ್ತು ಅವರ ಗಂಡ ಅಥವಾ ಹೆಂಡತಿ ಸೇರಿ ಸುಮಾರು 72,000 ಜನರನ್ನು ಮಾತಾಡಿಸಿ, ತೂಕ, ರಕ್ತದೊತ್ತಡ, ಕೈ ಹಿಡಿತದ ಬಲ ಎಲ್ಲ ಅಳೆದರು. ಮುಂಬೈನ ಜನಸಂಖ್ಯಾ ಅಧ್ಯಯನ ಸಂಸ್ಥೆ ನಡೆಸಿದ್ದು, ನಮ್ಮ ಆರೋಗ್ಯ ಸಚಿವಾಲಯದ ಜೊತೆ ವಯಸ್ಸಾಗುವುದರ ಬಗ್ಗೆ ಸಂಶೋಧನೆ ಮಾಡಿಸುವ ಅಮೆರಿಕದ ಸರ್ಕಾರಿ ಸಂಸ್ಥೆಯ ದುಡ್ಡೂ ಇದರಲ್ಲಿದೆ. 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂಬ ಅಂದಾಜು ಬಂದಿದ್ದು ಇದರ ಒಂದು ಭಾಗದಿಂದ. ನಮ್ಮ ಅಜ್ಜ ಅಜ್ಜಿಯರ ಲೆಕ್ಕ ಇಡಲು ಬೇರೆ ದೇಶದವರ ತೆರಿಗೆ ದುಡ್ಡೂ ಬೇಕಾಯಿತು ಎನ್ನುವುದು ನನಗೆ ಬೇಸರದ ವಿಷಯ. ಆ ದುಡ್ಡು ನಾಳೆ ನಿಂತರೆ?

ದಾನಿಗಳ ದುಡ್ಡೂ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಹಳ್ಳಿಯವರ ಮೆದುಳಿಗೆ ವಯಸ್ಸಾದಂತೆ ಏನಾಗುತ್ತದೆ ಎಂದು ಬೆಂಗಳೂರಿನ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ ವರ್ಷವರ್ಷವೂ ನೋಡುತ್ತಿದೆ. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಟ್ರಸ್ಟ್ ಆ ಕೇಂದ್ರಕ್ಕೆ ದೊಡ್ಡ ಮೊತ್ತ ಕೊಟ್ಟಿದೆ. ಬಹಳ ಒಳ್ಳೆಯ ಕೆಲಸ. ಆದರೆ ದಾನಿಗಳು ತಮಗೆ ಮುಖ್ಯ ಅನಿಸಿದ್ದಕ್ಕೆ ಕೊಡುತ್ತಾರೆ, ಕೊಡಲಿ, ಎಲ್ಲ ಜಿಲ್ಲೆಯನ್ನೂ ನೋಡಿ ಎಂದು ಅವರನ್ನು ಕೇಳಲು ಆಗುವುದಿಲ್ಲ. ಸರ್ಕಾರವನ್ನು ಕೇಳಬಹುದು.

ಹೊಸ ಆವಿಷ್ಕಾರಕ್ಕೆ ಅಂತ ಕೇಂದ್ರ 2021ರಲ್ಲಿ ಸೇಜ್ ಎಂಬ ಯೋಜನೆ ತಂದಿತು. ವಯಸ್ಸಾದವರಿಗೆ ಬೇಕಾದ ವಸ್ತು, ಸೇವೆ ಮಾಡುವ ಸ್ಟಾರ್ಟ್‌ಅಪ್‌ಗೆ 1 ಕೋಟಿವರೆಗೆ ಬಂಡವಾಳ, ಅದರಲ್ಲಿ ಸರ್ಕಾರದ ಪಾಲು ಶೇ. 49 ಮೀರುವಂತಿಲ್ಲ. ತಪ್ಪೇನಿಲ್ಲ. ಆದರೆ ಸ್ಟಾರ್ಟ್‌ಅಪ್ ಅಂದಮೇಲೆ ಗಿರಾಕಿ ಬೇಕು, ಗಿರಾಕಿ ಇರುವುದು ಪಟ್ಟಣದಲ್ಲಿ. ಬಿದ್ದ ತಕ್ಷಣ ಮಗನ ಫೋನಿಗೆ ಸುದ್ದಿ ಕಳಿಸುವ ವಾಚು ನಮ್ಮಲ್ಲಿ ಜುಲೈ ತಿಂಗಳಲ್ಲಿ ಟವರ್ ಹೋದರೆ ಬರೀ ಗಡಿಯಾರ. ಕೊಡಗಿಗೆ ಬೇಕಾಗಿರುವುದು ಜಾರದ ಮೆಟ್ಟಿಲು, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಮಳೆಗಾಲದಲ್ಲಿ ಒಳಗೇ ಮಾಡುವ ವ್ಯಾಯಾಮ, ಅದನ್ನು ಮನೆಗೆ ಬಂದು ಹೇಳಿಕೊಡುವ ಒಬ್ಬರು. ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆದು ನೋಡಬೇಕು, ನನ್ನಂಥವರ ಅನುಭವದ ಮಾತು ಸಾಕಾಗುವುದಿಲ್ಲ. ನ್ಯೂಜಿಲೆಂಡಿನ ಅಜ್ಜಿಗೆ ಹೊಂದಿದ್ದು, ನಲವತ್ತು ವರ್ಷ ಕಾಫಿ ಕೊಯ್ದು ಬೆನ್ನು ಬಾಗಿರುವ ನಮ್ಮ ಯರವ ಬುಡಕಟ್ಟಿನ ಅಜ್ಜಿಗೂ ಹಾಗೇ ಹೊಂದುತ್ತದೆ ಎಂದು ಸುಮ್ನೆ ಅಂದುಕೊಳ್ಳುವುದು ಹೇಗೆ? ಲಾಸಿಯಿಂದ ಕರ್ನಾಟಕದ ಬಗ್ಗೆ ಹೇಳಬಹುದು, ಕೊಡಗಿನ ಬಗ್ಗೆ ಬೇರೆಯಾಗಿ ಹೇಳುವಷ್ಟು ಜನ ಅದರಲ್ಲಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಅವರಿಗೆ ಈಗಿನ ಕೆಲಸದ ಮೇಲೆ ಇದನ್ನೂ ಹೇರದೆ, ಸರಿಯಾದ ಸಂಬಳ ಕೊಟ್ಟು, ಕೆಲವು ಪಂಚಾಯಿತಿಗಳಲ್ಲಿ ಈ ವ್ಯಾಯಾಮ ಮಾಡಿಸಿ, ಕೆಲವಲ್ಲಿ ಈಗಿರುವಂತೆ ಬಿಟ್ಟು, ಎರಡು ಮೂರು ಮಳೆಗಾಲ ಯಾರು ಬಿದ್ದರು ಎಂದು ಬರೆದಿಡಬೇಕು. ಕಡಿಮೆಯಾದರೆ ಎಲ್ಲ ಕಡೆಗೂ ಕೊಡಬೇಕು. ಆಗದಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು, ನಮ್ಮ ತೆರಿಗೆ ದುಡ್ಡಲ್ಲಿ ಸಿಕ್ಕಿದ ಫಲಿತಾಂಶ ನಮಗೆಲ್ಲ ಸಿಗಬೇಕಲ್ವಾ.

ನೀವೂ ಒಂದು ಕೆಲಸ ಮಾಡಬಹುದು. ಲಾಸಿಯಂಥ ಅಧ್ಯಯನ ನಿಂತಿರುವುದು ಅದೇ ಜನರನ್ನು ಕೆಲವು ವರ್ಷ ಬಿಟ್ಟು ಮತ್ತೆ ಮಾತಾಡಿಸುವುದರ ಮೇಲೆ. ಮಧ್ಯೆ ಜನ ಬಿಟ್ಟುಹೋದರೆ ಮೊದಲು ಹಾಕಿದ ದುಡ್ಡೂ ಅರ್ಧ ವ್ಯರ್ಥ. ಅಂಥವರು ನಿಮ್ಮ ಮನೆಗೆ ಬಂದರೆ ಗುರುತಿನ ಚೀಟಿ ನೋಡಿ, ಯಾಕೆ ಕೇಳುತ್ತಿದ್ದಾರೆ ಎಂದು ತಿಳಿದುಕೊಳ್ಳಿ, ಆಮೇಲೆ ನಿಮ್ಮ ತಂದೆ ತಾಯಿಗೆ ಒಪ್ಪಿಗೆ ಇದ್ದರೆ ಗೇಟಿನಿಂದಲೇ ವಾಪಸ್ ಕಳಿಸದೆ ಕೂರಿಸಿ ಮಾತಾಡಲು ಬಿಡಿ.