ಅವ್ವನ ತಲೆಯಲ್ಲಿ 4 ಮಿ.ಮೀ. ಉಬ್ಬು: ಯಾರ ಮಾತು ಕೇಳಲಿ?

ಪ್ರಶ್ನೆ: ನಮ್ಮ ಅವ್ವನಿಗೆ 56 ವರ್ಷ, ಬಿಪಿ ಇದೆ. ತಲೆಸುತ್ತು ಬರುತ್ತದೆಂದು ವಿಜಯಪುರದಲ್ಲಿ ಎಂಆರ್‌ಐ ಮಾಡಿಸಿದೆವು. ಮಿದುಳಿನ ರಕ್ತನಾಳದಲ್ಲಿ 4 ಮಿ.ಮೀ. ಅನ್ಯೂರಿಸಮ್ (ನಾಳದ ಗೋಡೆ ಉಬ್ಬಿಕೊಂಡದ್ದು) ಇದೆ, ಒಡೆದಿಲ್ಲ ಎಂದು ವರದಿ ಬಂತು. ಒಬ್ಬ ವೈದ್ಯರು ಕಾದು ನೋಡೋಣ ಎಂದರು, ಇನ್ನೊಬ್ಬರು ಕಾಯಿಲ್ ಹಾಕಿಸಿ ಎಂದರು. ತಲೆ ತೆರೆಸುವುದಂತೂ ಬೇಡವೆಂದು ಅಪ್ಪ ಪಟ್ಟು ಹಿಡಿದಿದ್ದಾರೆ. ಅವ್ವ ಹೆದರಿ ಹಾಸಿಗೆ ಹಿಡಿದಿದ್ದಾಳೆ. ಏನು ಮಾಡಲಿ?
– ಓದುಗರು, ಸಿಂದಗಿ ತಾಲ್ಲೂಕು

ಉತ್ತರ: ತಂಗಿ, ಮೊದಲು ಅವ್ವನನ್ನು ಎಬ್ಬಿಸಿ. ನೂರು ಜನ ವಯಸ್ಕರ ತಲೆಯನ್ನು ಹೀಗೆ ಪರೀಕ್ಷಿಸಿದರೆ ಸುಮಾರು ಮೂವರಲ್ಲಿ ಇಂಥ ಉಬ್ಬು ಸಿಗುತ್ತದೆ. ಹೆಚ್ಚಿನವು ಜೀವಮಾನವಿಡೀ ಒಡೆಯುವುದಿಲ್ಲ. ರೊಟ್ಟಿ ಬಡಿಯಲಿ, ಓಣಿಯಲ್ಲಿ ಓಡಾಡಲಿ. ತುಂಬಿದ ಕೊಡವನ್ನು ಮಾತ್ರ ಬಿಪಿ ಹಿಡಿತಕ್ಕೆ ಬರುವ ತನಕ ನೀವು ಎತ್ತಿ.

ಇಬ್ಬರು ವೈದ್ಯರೂ ತಪ್ಪು ಹೇಳಿಲ್ಲ. 7 ಮಿ.ಮೀ.ಗಿಂತ ಸಣ್ಣ ಉಬ್ಬು ಒಡೆಯುವ ಅಪಾಯ ಸಾಮಾನ್ಯವಾಗಿ ಕಡಿಮೆ. ಚಿಕಿತ್ಸೆಗೂ ಅದರದೇ ಆದ ಅಪಾಯವಿದೆ. ಆದರೆ ಅಳತೆಯೊಂದನ್ನೇ ನಂಬುವಂತಿಲ್ಲ. ಉಬ್ಬು ಯಾವ ನಾಳದ ಮೇಲಿದೆ, ದುಂಡಗೆ ನಯವಾಗಿದೆಯೇ ಅಥವಾ ಅದರ ಮೈಮೇಲೆ ಇನ್ನೊಂದು ಮರಿಉಬ್ಬು ಎದ್ದಿದೆಯೇ ಎಂಬುದರ ಮೇಲೆ ನಿರ್ಧಾರವೇ ಬದಲಾಗುತ್ತದೆ. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ: ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು, ಹೇಳಿದ ಅವಧಿಗೆ ಮತ್ತೆ ಸ್ಕ್ಯಾನ್ ಆಗಬೇಕು.

ಕಾಯಿಲ್ ಎಂದರೆ ದಾರದಷ್ಟು ತೆಳುವಾದ ಪ್ಲಾಟಿನಂ ತಂತಿ. ಅಂಗೈ ಮೇಲೆ ಬಿಟ್ಟರೆ ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ. ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದಿಂದ ಸಣ್ಣ ನಳಿಕೆ ತೂರಿಸಿ, ಉಬ್ಬಿನೊಳಗೆ ಇದನ್ನು ತುಂಬುತ್ತಾರೆ, ತಲೆ ತೆರೆಯುವುದಿಲ್ಲ. 1990ರ ದಶಕದಿಂದ ಬಳಕೆಯಲ್ಲಿದೆ. ಒಡೆದ ಉಬ್ಬುಗಳ ಮೇಲಿನ ದೊಡ್ಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ತೀರಿಕೊಂಡವರು ಅಥವಾ ಪರರನ್ನು ಅವಲಂಬಿಸಿದವರು ತಲೆ ತೆರೆದು ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ಸುಮಾರು 31, ಕಾಯಿಲ್ ಹಾಕಿಸಿಕೊಂಡವರಲ್ಲಿ ಸುಮಾರು 24. ಈ ಲೆಕ್ಕ ಒಡೆಯದ ಉಬ್ಬಿನ ನಿಮ್ಮ ಅವ್ವನಿಗೆ ನೇರವಾಗಿ ಅನ್ವಯಿಸದು. ಕಾಯಿಲ್ ತುಂಬಿದ ಉಬ್ಬು ಕೆಲವರಲ್ಲಿ ಮತ್ತೆ ತೆರೆದುಕೊಳ್ಳುತ್ತದೆ, ಹಾಗಾಗಿ ತಪಾಸಣೆ ತಪ್ಪಿಸುವಂತಿಲ್ಲ.

ಅಪ್ಪನಿಗೆ ಒಂದು ಮಾತು ಹೇಳಿ. ತಲೆ ತೆರೆದು ಉಬ್ಬಿನ ಕುತ್ತಿಗೆಗೆ ಕ್ಲಿಪ್ ಹಾಕುವ ವಿಧಾನವನ್ನು ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಆರಂಭಿಸಿದರು. ಈಗ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಮಾಡುತ್ತಾರೆ. ಬಾಯಿ ಅಗಲವಾದ, ಕೈಗೆ ಎಟುಕುವ ಕೆಲವು ಉಬ್ಬುಗಳಿಗೆ ಇಂದಿಗೂ ಅದೇ ಗಟ್ಟಿ ಉಪಾಯ. ಮೂರನೆಯದು ಫ್ಲೋ ಡೈವರ್ಟರ್: ನಾಳದೊಳಗೆ ದಟ್ಟ ಜಾಲರಿಯ ಕೊಳವೆ ಇಟ್ಟರೆ ಉಬ್ಬಿಗೆ ರಕ್ತ ನುಗ್ಗುವುದು ಕುಗ್ಗಿ, ತಿಂಗಳುಗಳಲ್ಲಿ ಅದು ಮುಚ್ಚುತ್ತದೆ. ಆಮೇಲೆ ಕೊಡುವ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾರದೋ ಮಾತು ಕೇಳಿ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ.

ಒಂದು ಸಂಜೆ ನನ್ನ ಬಳಿಗೆ ಬಂದ ಹೆಣ್ಣುಮಗಳ ಬಳೆಗಳಿಗೆ ಜೋಳದ ಹಿಟ್ಟು ಇನ್ನೂ ಅಂಟಿತ್ತು. ರೊಟ್ಟಿ ಬಡಿಯುತ್ತಿದ್ದಾಗ ತಲೆಗೆ ಒನಕೆಯಿಂದ ಹೊಡೆದಂತಾಯಿತು ಎಂದರು. ಅತ್ತೆ ನೋವಿನ ಮಾತ್ರೆ ಕೊಟ್ಟು ಮಲಗಿಸಲಿಲ್ಲ, ಸಿಕ್ಕ ಗಾಡಿ ಹತ್ತಿಸಿ ಕರೆತಂದರು, ಆಕೆ ಉಳಿದರು. ಒಡೆದ ಉಬ್ಬು ಮತ್ತೊಮ್ಮೆ ಒಡೆಯುವ ಅಪಾಯ ಮೊದಲ ದಿನವೇ ಅತಿ ಹೆಚ್ಚು. ಅಂಥ ಹಠಾತ್ ನೋವು, ವಾಂತಿ, ಕುತ್ತಿಗೆ ಸೆಟೆತ, ರೆಪ್ಪೆ ಜೋತುಬೀಳುವುದು ಕಂಡರೆ ರಾತ್ರಿ ಎರಡು ಗಂಟೆಯಾದರೂ ಸರಿ, 108ಕ್ಕೆ ಫೋನ್ ಮಾಡಿ.

ನರಶಸ್ತ್ರಚಿಕಿತ್ಸಕರ ಬಳಿ ಹೋಗುವಾಗ ವರದಿಯ ಹಾಳೆ ಮಾತ್ರ ಸಾಲದು, ಸ್ಕ್ಯಾನಿನ ಸಿಡಿ ಒಯ್ಯಿರಿ. ಮನೆಯಲ್ಲಿ ಬೀಡಿ ಹೊಗೆ ಇದ್ದರೆ ನಿಲ್ಲಿಸಿ. ಅವ್ವನ ತವರಿನಲ್ಲಿ ಯಾರಾದರೂ ತಲೆನೋವೆಂದು ಒಮ್ಮೆಲೇ ಕುಸಿದು ತೀರಿಕೊಂಡದ್ದುಂಟೇ ಎಂದು ಹಿರಿಯರನ್ನು ವಿಚಾರಿಸಿ. ಇದ್ದರೆ ವೈದ್ಯರಿಗೆ ಮೊದಲು ಅದನ್ನೇ ಹೇಳಿ; ಆಗ ನೀವೂ ನಿಮ್ಮ ಒಡಹುಟ್ಟಿದವರೂ ಒಮ್ಮೆ ಎಂಆರ್ ಆಂಜಿಯೋಗ್ರಾಮ್ (ರಕ್ತನಾಳಗಳನ್ನು ತೋರಿಸುವ ಎಂಆರ್‌ಐ) ಮಾಡಿಸಬೇಕಾದೀತು.