ಓದುಗರ ಪ್ರಶ್ನೆ: ಪಟ್ಟಿಯಲ್ಲಿ ಹೆಸರಿಲ್ಲದವರ ಅಧ್ಯಯನ

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಎರಡನೇ ವರ್ಷದಲ್ಲಿದ್ದೇನೆ. ಕೊಪ್ಪಳ ಜಿಲ್ಲೆಯ ಮಾಜಿ ದೇವದಾಸಿಯರ ಬಗ್ಗೆ ಕಿರುಪ್ರಬಂಧ ಬರೆಯಬೇಕು. ಇದರಿಂದ ಸರ್ಕಾರದ ಯೋಜನೆ ಬದಲಾಗುವುದುಂಟೆ, ಇಲ್ಲ ಕಾಲೇಜಿನ ಕಪಾಟು ಸೇರುವುದಷ್ಟೆಯೆ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಬದಲಾಗುವುದುಂಟು, ಅಧ್ಯಯನ ಯೋಜನೆಯ ಅರ್ಹತಾ ನಿಯಮವನ್ನೇ ಪ್ರಶ್ನಿಸಿದರೆ. ನಿಮ್ಮ ವಿಷಯವನ್ನೇ ನೋಡಿ. ರಾಜ್ಯದ ದೇವದಾಸಿಯರ 1993–94ರ ಸಮೀಕ್ಷೆಯಲ್ಲಿ 22,873 ಮಹಿಳೆಯರನ್ನು ಗುರುತಿಸಲಾಯಿತು. 2007–08ರಲ್ಲಿ ಮತ್ತೆ 23,787 ಹೆಸರು ಸೇರಿ ಒಟ್ಟು 46,660 ಆಯಿತು. ಎರಡನೇ ಸಲ ಸಿಕ್ಕವರೇ ಹೆಚ್ಚು! ಮಾಸಾಶನ, ಮನೆ, ಸಾಲಕ್ಕೆಲ್ಲ ಈ ಪಟ್ಟಿಗಳೇ ಆಧಾರವಾದ್ದರಿಂದ ಬಿಟ್ಟುಹೋದವರಿಗೆ ಅರ್ಜಿ ಹಾಕಲೂ ದಾರಿಯಿರಲಿಲ್ಲ. ಇದು ದೊಡ್ಡ ಅನ್ಯಾಯ.

ಹೆಸರು ತಪ್ಪುವುದಕ್ಕೆ ಕಾರಣಗಳಿವೆ. ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ಬಿಡುವುದು, 1982ರ ಕಾಯ್ದೆಯಿಂದ ಅಪರಾಧವಾಯಿತು. ಆಮೇಲೆ ಮುತ್ತು ಕಟ್ಟಿಸಿಕೊಂಡ ಕಿರಿಯರ ಹೆಸರು ಹೇಳಿದರೆ ಮನೆಯವರ ಮೇಲೆ ಕೇಸು ಬೀಳುವ ಭಯ. ಗುಳೆ ಹೋದವರು ಸಮೀಕ್ಷೆಯ ದಿನ ಊರಲ್ಲಿರುವುದಿಲ್ಲ. ಹಾಗಾಗಿ ‘ಅವರ ಬದುಕು ಹೇಗಿದೆ’ ಎಂದು ಕೇಳುವ ಬದಲು ‘ಯಾರು, ಯಾವ ಕಾರಣಕ್ಕೆ ಪಟ್ಟಿಯಿಂದ ಹೊರಗುಳಿದರು’ ಎಂದು ಕೇಳಿ.

ಮೊದಲು ಮಾಸಾಶನದ ಸರ್ಕಾರಿ ಆದೇಶವನ್ನು ಓದಿ. ಕಚೇರಿಯಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಂತರ ಮೂವತ್ತು ನಲವತ್ತು ಮಹಿಳೆಯರನ್ನು ಮಾತಾಡಿಸಿದರೂ ಸಾಕು. ಆದರೆ ಒಂದೇ ಸಂಘದ ಮೂಲಕ ಹೋಗಬೇಡಿ: ಸಂಘದವರಿಗೆ ಗೊತ್ತಿರುವುದು ಹೆಚ್ಚಾಗಿ ಪಟ್ಟಿಯಲ್ಲಿರುವವರೇ. ಆಶಾ ಕಾರ್ಯಕರ್ತೆ, ಅಂಗನವಾಡಿ, ಕೇರಿಯ ಹಿರಿಯ ಹೆಂಗಸರು, ಹೀಗೆ ಮೂರ್ನಾಲ್ಕು ಕಡೆಯಿಂದ ಹುಡುಕಿ. ಒಪ್ಪಿಗೆ ಪಡೆಯದೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. ವರದಿಯಲ್ಲಿ ಹೆಸರು, ಊರು ಎರಡೂ ಬೇಡ. ಚಿಕ್ಕ ಊರಲ್ಲಿ ವಯಸ್ಸು, ಮಕ್ಕಳ ಸಂಖ್ಯೆ ಬರೆದರೂ ಯಾರೆಂದು ತಿಳಿದುಬಿಡುತ್ತದೆ.

ಈ ನಲವತ್ತು ಮಂದಿಯಿಂದ ಇಡೀ ತಾಲ್ಲೂಕಿನ ಶೇಕಡಾವಾರು ಲೆಕ್ಕ ಕೊಡಬೇಡಿ. ಅಧಿಕಾರಿಗಳು ಮೊದಲು ಹಿಡಿಯುವ ತಪ್ಪೇ ಅದು. ಅಲ್ಲಿಗೆ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಹೊರಗುಳಿಯಲು ಏನೇನು ಕಾರಣ ಎಂದು ತೋರಿಸುವುದಕ್ಕೆ ಇಷ್ಟು ಮಂದಿ ಸಾಕು.

ಪ್ರಬಂಧ ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಮಾಡಿ: ಆದೇಶದ ಯಾವ ಷರತ್ತು ಅಡ್ಡಿಯಾಗಿದೆ, ಅದರ ಬದಲು ಏನಿರಬೇಕು, ಪಟ್ಟಿಯ ಬದಲು ಯಾವ ಪುರಾವೆ ಒಪ್ಪಬಹುದು. ಅದನ್ನು ಜಿಲ್ಲೆಯ ದೇವದಾಸಿ ಪುನರ್ವಸತಿ ಯೋಜನೆಯ ಅಧಿಕಾರಿಗೂ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ. ಬಜೆಟ್ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ ಬರುತ್ತದೆ, ಇಲಾಖೆಗಳ ಪ್ರಸ್ತಾವನೆ ಅದಕ್ಕೂ ಎಷ್ಟೋ ಮುಂಚೆ ಸಿದ್ಧವಾಗುತ್ತದೆ. ದೀಪಾವಳಿಯ ಹೊತ್ತಿಗೆ ನಿಮ್ಮ ಟಿಪ್ಪಣಿ ಅವರ ಮೇಜಿನ ಮೇಲಿರಲಿ.